ಕೈ ಅರಿಯದವನಿಗೆ ಕಣ್ಣೇ ಕೈ

(ಧರ್ಮಕೇಂದ್ರದ ಶತಮಾನೋತ್ಸವದ ಅಂಗವಾಗಿ ಏರ್ಪಡಿಸಲಾದ ನೇತ್ರ ತಪಾಸಣಾ ಶಿಬಿರದ ಸ್ವಯಂಸೇವಕರ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಈ ನಾಲ್ಕು ಕಡೆಗಳಿಂದಲೂ, ಹೊಲದ ಕೆಲಸವನ್ನೂ ಮಗ್ಗದ ಕೆಲಸವನ್ನೂ ಬದಿಗಿಟ್ಟು ನೀವು ಇಂದು ಇಲ್ಲಿ ಸೇರಿದ್ದೀರಿ. ಶತಮಾನೋತ್ಸವವೆಂದರೆ ಸಂಭ್ರಮದ ಕಾಲ. ದೇವಾಲಯಕ್ಕೆ ಸುಣ್ಣಬಣ್ಣವಾಗಲಿ, ಮಹಾದ್ವಾರವಾಗಲಿ, ಹೊಸ ಗಂಟೆಯಾಗಲಿ ಎಂಬ ಸಲಹೆಗಳು ಬಂದವು. ಅವೆಲ್ಲವೂ ಒಳ್ಳೆಯವೇ. ಆದರೆ ಈ ವರ್ಷ ದೇವಾಲಯದ ಗೋಡೆಯ ಹೊರಗೂ ಒಂದು ಕೆಲಸವಾಗಬೇಕೆಂದು ನೀವೇ ಇಚ್ಛಿಸಿ, ನೇತ್ರ ತಪಾಸಣಾ ಶಿಬಿರವನ್ನು ನಡೆಸಲು ಮುಂದಾದಿರಿ. ಇದು ನಮಗೆ ಬಹಳ ಸಂತೋಷವನ್ನು ತಂದಿದೆ.

ಶಿಬಿರಕ್ಕೆ ಜನರನ್ನು ಕರೆತರುವುದು ಹೇಗೆಂಬುದು ನಿಮಗೆ ತಿಳಿದೇ ಇದೆ. ಮನೆಮನೆಗೆ ಹೋಗಿ ಹೇಳುತ್ತೀರಿ. ವಾಹನದ ವ್ಯವಸ್ಥೆ ಮಾಡುತ್ತೀರಿ. ಮುದುಕರ ಕೈಹಿಡಿದು ಸಾಲಿನಲ್ಲಿ ನಿಲ್ಲಿಸುತ್ತೀರಿ. ಅದರ ಬಗ್ಗೆ ನಾವು ಹೊಸದಾಗಿ ಹೇಳಬೇಕಾದುದೇನೂ ಇಲ್ಲ. ನಾವು ಇಂದು ಹೇಳಬೇಕೆಂದಿರುವುದು ಕರೆದರೂ ಬಾರದವರನ್ನು ಕುರಿತು. ಎಂದೋ ಕುಷ್ಠರೋಗಕ್ಕೆ ತುತ್ತಾಗಿ, ಔಷಧಿಯಿಂದ ಗುಣಮುಖರಾಗಿ, ಈಗ ಮುಪ್ಪಿನಲ್ಲಿ ಕಣ್ಣಿಗೆ ಪೊರೆ ಬಂದು ಕತ್ತಲಲ್ಲಿ ಕುಳಿತಿರುವ ನಮ್ಮ ಹಿರಿಯರನ್ನು ಕುರಿತು. ಅವರು ಎಣಿಕೆಯಲ್ಲಿ ಕೆಲವರೇ ಇರಬಹುದು. ಆದರೆ ಕಣ್ಣಿನ ಅವಶ್ಯಕತೆ ಅವರಿಗಿರುವಷ್ಟು ಮತ್ತಾರಿಗೂ ಇಲ್ಲ ಎಂಬುದನ್ನು ನಿಮ್ಮ ಮನಸ್ಸಿಗೆ ತರುವುದೇ ಈ ಮಾತಿನ ಉದ್ದೇಶ.

ನೇತ್ರದಾನದಂಥ ಸತ್ಕಾರ್ಯಗಳಿಗೆ ನಮ್ಮ ನೆಲ ಹೊಸದಲ್ಲ. ಹಳ್ಳಿಯ ಬಡವನ ಕಣ್ಣಿನ ಪೊರೆಯನ್ನು ಹಳ್ಳಿಗೇ ಹೋಗಿ ತೆಗೆದ ಡಾ. ಮುರುಗಪ್ಪ ಚನ್ನವೀರಪ್ಪ ಮೋದಿಯವರು ನಮ್ಮ ಬೀಳಗಿಯಲ್ಲಿಯೇ ಜನಿಸಿದವರು. ಪಟ್ಟಣದ ಆಸ್ಪತ್ರೆಗೆ ರೋಗಿ ಬರಲಾರನಾದರೆ ವೈದ್ಯನೇ ರೋಗಿಯ ಬಳಿಗೆ ಹೋಗಬೇಕೆಂಬುದು ಅವರ ತತ್ತ್ವವಾಗಿತ್ತು. ಶಾಲೆಗಳಲ್ಲಿ, ಛತ್ರಗಳಲ್ಲಿ, ಚಪ್ಪರಗಳಲ್ಲಿ ಅವರು ಸಾಮೂಹಿಕ ಶಿಬಿರಗಳನ್ನು ನಡೆಸಿದರು. ಒಂದೇ ದಿನದಲ್ಲಿ 833 ಪೊರೆಯ ಶಸ್ತ್ರಕ್ರಿಯೆಗಳನ್ನು ಮಾಡಿದ ಅವರ ಸಾಧನೆ ಗಿನ್ನೆಸ್ ದಾಖಲೆಗಳ ಪುಸ್ತಕವನ್ನು ಸೇರಿತು. ಜೀವಮಾನದಲ್ಲಿ ಅವರು ಮಾಡಿದ ಶಸ್ತ್ರಕ್ರಿಯೆಗಳ ಸಂಖ್ಯೆ ಆರು ಲಕ್ಷವನ್ನು ಮೀರಿತು. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಪ್ರಶಸ್ತಿಗಳು ಅವರಿಗೆ ಸಂದವು. 2005ರಲ್ಲಿ ಅವರು ತೀರಿಕೊಂಡರು. ಇಂಥ ಮಹನೀಯರು ಹುಟ್ಟಿದ ಮಣ್ಣಿನಲ್ಲಿ ನಾವು ಶಿಬಿರ ನಡೆಸುತ್ತಿದ್ದೇವೆ ಎಂಬುದು ಹೆಮ್ಮೆಯ ವಿಷಯವೂ ಹೌದು, ಹೊಣೆಯ ವಿಷಯವೂ ಹೌದು.

ಕಾಲ ಈಗ ಬದಲಾಗಿದೆ. ಇಂದು ಊರಿನ ಶಿಬಿರದಲ್ಲಿ ನಡೆಯುವುದು ತಪಾಸಣೆ ಮಾತ್ರ. ಶಸ್ತ್ರಕ್ರಿಯೆ ಸುಸಜ್ಜಿತವಾದ ಆಸ್ಪತ್ರೆಯಲ್ಲಿಯೇ ನಡೆಯತಕ್ಕದ್ದು. 1976ರಲ್ಲಿ ಭಾರತ ಸರಕಾರ ಆರಂಭಿಸಿದ ಅಂಧತ್ವ ನಿಯಂತ್ರಣ ಕಾರ್ಯಕ್ರಮದ ಅಡಿಯಲ್ಲಿ ಬಡವರಿಗೆ ಈ ಚಿಕಿತ್ಸೆ ಉಚಿತವಾಗಿಯೇ ದೊರೆಯುತ್ತದೆ. ಹಾಗಿದ್ದರೂ ಸಾಲಿನ ಹೊರಗೆ ನಿಂತವರು ಹೊರಗೇ ಉಳಿದಿದ್ದಾರೆ. ಅದು ಏಕೆಂದು ತಿಳಿಯಬೇಕಾದರೆ ಮೊದಲು ರೋಗವೇನೆಂಬುದನ್ನು ತಿಳಿಯಬೇಕು.

ಕುಷ್ಠರೋಗದ ವಿಷಯದಲ್ಲಿ ನಮ್ಮ ಜನರಲ್ಲಿರುವ ಗೊಂದಲ ಸಾಮಾನ್ಯವಾದುದಲ್ಲ. ತೊನ್ನನ್ನು ಕಂಡು ಕುಷ್ಠವೆಂದು ಹೆದರುವವರಿದ್ದಾರೆ. ಅದು ಬೇರೆ, ಇದು ಬೇರೆ. ಹಿಂದಿನ ಜನ್ಮದ ಪಾಪವೆನ್ನುವವರಿದ್ದಾರೆ, ವಂಶಪಾರಂಪರ್ಯವೆನ್ನುವವರಿದ್ದಾರೆ. ಇವೆರಡೂ ಸತ್ಯವಲ್ಲ. 1873ರಲ್ಲಿ ನಾರ್ವೆ ದೇಶದ ಬರ್ಗೆನ್ ನಗರದಲ್ಲಿ ಡಾ. ಹ್ಯಾನ್ಸೆನ್ ಎಂಬ ವೈದ್ಯರು ಈ ರೋಗಕ್ಕೆ ಕಾರಣವಾದ ರೋಗಾಣುವನ್ನು ಕಂಡುಹಿಡಿದರು. ಅಂದಿನಿಂದ ಇದು ಶಾಪವಲ್ಲ, ಕ್ಷಯದಂತೆಯೇ ಒಂದು ರೋಗಾಣುವಿನ ಕಾಯಿಲೆ ಎಂಬುದು ಸಿದ್ಧವಾಯಿತು. ಪರಿಶುದ್ಧ ಗ್ರಂಥದ ಯಾಜಕಕಾಂಡದಲ್ಲಿ ಬರುವ ಕುಷ್ಠವೆಂಬ ಪದವನ್ನೂ ನಾವು ಎಚ್ಚರಿಕೆಯಿಂದ ಓದಬೇಕು. ಅಲ್ಲಿರುವ ಹೀಬ್ರೂ ಶಬ್ದ ಮನುಷ್ಯನ ಚರ್ಮಕ್ಕೆ ಮಾತ್ರವಲ್ಲ, ಬಟ್ಟೆಗೂ ಮನೆಯ ಗೋಡೆಗೂ ಅನ್ವಯಿಸುತ್ತದೆ. ಆದುದರಿಂದ ಅದು ಹಲವು ಬಗೆಯ ಕಲೆ, ಬೂಷ್ಟು, ಚರ್ಮವ್ಯಾಧಿಗಳನ್ನು ಒಳಗೊಂಡ ಮಾತು. ಇಂದಿನ ವೈದ್ಯರು ಹೇಳುವ ಕುಷ್ಠರೋಗವೇ ಅದೆಂದು ತಿಳಿಯಬೇಕಾಗಿಲ್ಲ. ಆ ಗ್ರಂಥವನ್ನು ಮುಂದಿಟ್ಟುಕೊಂಡು ಇಂದಿನ ರೋಗಿಯನ್ನು ಊರಾಚೆ ಇಡುವುದು ನ್ಯಾಯವಲ್ಲ.

ಈ ರೋಗ ಅಷ್ಟು ಸುಲಭವಾಗಿ ಅಂಟುವುದಿಲ್ಲ. ಬಹುಪಾಲು ಜನರ ದೇಹ ಈ ರೋಗಾಣುವನ್ನು ತಾನೇ ಎದುರಿಸಿ ಗೆಲ್ಲುತ್ತದೆ. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಹುವಿಧ ಔಷಧಿ ಚಿಕಿತ್ಸೆಯನ್ನು ಶಿಫಾರಸು ಮಾಡಿತು. ರಿಫಾಂಪಿಸಿನ್, ಡ್ಯಾಪ್ಸೋನ್, ಕ್ಲೋಫಾಜಿಮಿನ್ ಎಂಬ ಔಷಧಿಗಳನ್ನು ಸೇರಿಸಿ, ರೋಗದ ಬಗೆಗೆ ಅನುಗುಣವಾಗಿ ಆರು ತಿಂಗಳು ಅಥವಾ ಹನ್ನೆರಡು ತಿಂಗಳು ಕೊಟ್ಟರೆ ರೋಗ ಗುಣವಾಗುತ್ತದೆ. ಔಷಧಿ ಆರಂಭವಾದ ಸ್ವಲ್ಪ ಕಾಲದಲ್ಲಿಯೇ ಅಂಟುವ ಭಯವೂ ಕಳೆಯುತ್ತದೆ. 2005ರ ಡಿಸೆಂಬರಿನ ವೇಳೆಗೆ ನಮ್ಮ ದೇಶದಲ್ಲಿ ರೋಗಿಗಳ ಪ್ರಮಾಣ ಹತ್ತು ಸಾವಿರ ಜನರಿಗೆ ಒಬ್ಬರಿಗಿಂತ ಕಡಿಮೆಯಾಯಿತು. ಹಾಗೆಂದು ರೋಗ ಮಾಯವಾಯಿತೆಂದು ಅರ್ಥವಲ್ಲ. ಇಂದಿಗೂ ಜಗತ್ತಿನಲ್ಲಿ ಪ್ರತಿವರ್ಷ ಹೊಸದಾಗಿ ಕಂಡುಬರುವ ರೋಗಿಗಳಲ್ಲಿ ಅರ್ಧದಷ್ಟು ಜನ ಭಾರತದವರೇ. ಅವರ ಸಂಖ್ಯೆ ಒಂದು ಲಕ್ಷದ ಆಸುಪಾಸಿನಲ್ಲಿದೆ. ಔಷಧಿ ರೋಗಾಣುವನ್ನು ಕೊಲ್ಲುತ್ತದೆ. ಆದರೆ ಅದು ಬರುವ ಮೊದಲೇ ಸತ್ತುಹೋದ ನರವನ್ನು ಬದುಕಿಸಲಾರದು. ನಮ್ಮ ಹಳ್ಳಿಗಳಲ್ಲಿ ಬೆರಳು ಮಡಚಿಕೊಂಡ, ಪಾದ ಮರಗಟ್ಟಿದ ವೃದ್ಧರನ್ನು ನೀವು ಕಂಡಿರಬಹುದು. ಅವರಲ್ಲಿ ರೋಗವಿಲ್ಲ. ರೋಗ ಬಿಟ್ಟುಹೋದ ಗುರುತು ಮಾತ್ರ ಇದೆ.

ಈ ರೋಗಾಣುವಿಗೆ ದೇಹದ ತಂಪಾದ ಭಾಗಗಳು ಪ್ರಿಯ. ಚರ್ಮ, ಚರ್ಮದ ಕೆಳಗಿನ ನರಗಳು, ಮೂಗು, ಕಿವಿ ಮತ್ತು ಕಣ್ಣಿನ ಮುಂಭಾಗ. ಕಣ್ಣಿಗೆ ಅದು ಮೂರು ದಾರಿಯಿಂದ ಹಾನಿ ಮಾಡುತ್ತದೆ. ಮೊದಲನೆಯದು, ಮುಖದ ನರ ಕೆಟ್ಟು ರೆಪ್ಪೆ ಮುಚ್ಚದಂತಾಗುವುದು. ನಿದ್ರೆಯಲ್ಲಿಯೂ ಕಣ್ಣು ಅರೆ ತೆರೆದೇ ಇರುತ್ತದೆ. ಎರಡನೆಯದು, ಕಣ್ಣಿನ ಮೇಲ್ಪದರದ ಸ್ಪರ್ಶಜ್ಞಾನ ಹೋಗುವುದು. ನಮ್ಮ ಕಣ್ಣಿಗೆ ಜೋಳದ ಹೊಟ್ಟೋ ಹತ್ತಿಯ ಎಳೆಯೋ ಬಿದ್ದರೆ ತಕ್ಷಣ ನೀರು ಬಂದು, ರೆಪ್ಪೆ ಬಡಿದು, ಕೈ ಅಲ್ಲಿಗೆ ಓಡುತ್ತದೆ. ಅವರಿಗೆ ಅದು ಬಿದ್ದುದೇ ಗೊತ್ತಾಗದು. ಕಬ್ಬಿನ ಗರಿ ಗೀರಿದರೂ ನೋವಿಲ್ಲ. ನೋವಿಲ್ಲದ ಗಾಯ ಹುಣ್ಣಾಗಿ, ಹುಣ್ಣು ಬಿಳಿ ಕಲೆಯಾಗಿ, ದೃಷ್ಟಿ ಹೋಗುತ್ತದೆ. ಮೂರನೆಯದು, ಕಣ್ಣಿನ ಒಳಗಿನ ಬಣ್ಣದ ಪರದೆಗೆ ಉರಿಯೂತ ಬರುವುದು. ಇದು ಕೆಲವೊಮ್ಮೆ ಕೆಂಪಾಗಿ, ನೋವಾಗಿ ಬರುತ್ತದೆ. ಕೆಲವೊಮ್ಮೆ ಸದ್ದಿಲ್ಲದೆ ವರ್ಷಗಟ್ಟಲೆ ನಡೆದು, ಕಣ್ಣಿನ ಪಾಪೆಯನ್ನು ಸಾಸಿವೆ ಕಾಳಿನಷ್ಟು ಚಿಕ್ಕದಾಗಿಸಿಬಿಡುತ್ತದೆ.

ಈ ಮೂರರ ಮೇಲೆ ಬರುವುದು ಪೊರೆ, ಅಂದರೆ ನಮ್ಮ ಜನ ಹೇಳುವ ಮೋತಿಬಿಂದು. ಕಣ್ಣಿನೊಳಗಿನ ಸ್ವಚ್ಛವಾದ ಮಸೂರ ಮಬ್ಬಾಗುವುದೇ ಪೊರೆ. ಅದು ಮುಪ್ಪಿನಲ್ಲಿ ಯಾರಿಗಾದರೂ ಬರುವಂಥದು. ಆದರೆ ಒಳಗಿನ ಉರಿಯೂತ ಅದನ್ನು ಬೇಗ ಬರಿಸುತ್ತದೆ. ರೋಗದ ಉದ್ರೇಕವನ್ನು ತಗ್ಗಿಸಲು ಬಹುಕಾಲ ಕೊಡಬೇಕಾಗುವ ಸ್ಟೀರಾಯ್ಡ್ ಔಷಧಿಯೂ ಪೊರೆಗೆ ಕಾರಣವಾಗಬಹುದು. ಬಹುವಿಧ ಔಷಧಿ ಬಂದ ಮೇಲೆ ರೋಗದಿಂದಲೇ ನೇರವಾಗಿ ಕುರುಡಾಗುವವರು ಕಡಿಮೆಯಾದರು. ರೋಗವನ್ನು ದಾಟಿ ಮುಪ್ಪನ್ನು ಕಂಡವರು ಹೆಚ್ಚಾದರು. ಹೀಗೆ ಇಂದು ಕುಷ್ಠರೋಗವನ್ನು ಅನುಭವಿಸಿದವರಲ್ಲಿ ಅಂಧತ್ವಕ್ಕೆ ಮುಖ್ಯ ಕಾರಣ ಪೊರೆಯೇ ಆಗಿದೆ. ಅಂದರೆ ಅವರಲ್ಲಿ ಬಹಳ ಜನರ ಕುರುಡು ಶಸ್ತ್ರಕ್ರಿಯೆಯಿಂದ ನಿವಾರಣೆಯಾಗತಕ್ಕ ಕುರುಡು. ಈ ಮಾತನ್ನು ನೀವು ಮರೆಯಬಾರದು.

ಪ್ರಿಯರೇ, ಬೇರೆಯವರ ಅಂಧತ್ವಕ್ಕೂ ಇವರ ಅಂಧತ್ವಕ್ಕೂ ಬಹಳ ಅಂತರವಿದೆ. ಕಣ್ಣು ಹೋದ ಸಾಮಾನ್ಯ ಮನುಷ್ಯ ಬೆರಳಿನಿಂದ ನೋಡುತ್ತಾನೆ. ಗೋಡೆಯನ್ನು ತಡವುತ್ತಾನೆ, ತಟ್ಟೆಯಲ್ಲಿ ರೊಟ್ಟಿ ಎಲ್ಲಿದೆ, ಪಲ್ಯ ಎಲ್ಲಿದೆ ಎಂದು ಮುಟ್ಟಿ ತಿಳಿಯುತ್ತಾನೆ, ಹಾದಿಯ ಏರಿಳಿತವನ್ನು ಪಾದದಿಂದ ಅರಿಯುತ್ತಾನೆ. ಬ್ರೈಲ್ ಲಿಪಿಯನ್ನು ಬೆರಳ ತುದಿಯಿಂದ ಓದಿ ವಿದ್ಯಾವಂತನಾಗುತ್ತಾನೆ. ಬೆರಳೂ ಪಾದವೂ ಮರಗಟ್ಟಿದವನಿಗೆ ಇದಾವುದೂ ಸಾಧ್ಯವಿಲ್ಲ. ಅವನು ಇಷ್ಟು ವರ್ಷ ಬದುಕಿದ್ದು ಕಣ್ಣಿನ ಕಾವಲಿನಿಂದ. ಹಂಚು ಕಾದಿದೆಯೇ ಎಂದು ಕೈಗೆ ತಿಳಿಯದು, ಕಣ್ಣು ನೋಡಿ ಹೇಳಬೇಕು. ಕಾಲಿಗೆ ಮುಳ್ಳು ಚುಚ್ಚಿದೆಯೇ ಎಂದು ಕಾಲಿಗೆ ತಿಳಿಯದು, ಕಣ್ಣು ನೋಡಿ ಹೇಳಬೇಕು. ಕುಡುಗೋಲನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೇನೆ ಎಂಬುದನ್ನೂ ಕಣ್ಣೇ ಹೇಳಬೇಕು. ಕೈ ಅರಿಯದವನಿಗೆ ಕಣ್ಣೇ ಕೈ, ಕಣ್ಣೇ ಕಾಲು. ಆ ಕಣ್ಣಿಗೂ ಪೊರೆ ಬಂದರೆ ಅವನಿಗೂ ಜಗತ್ತಿಗೂ ಇರುವ ಬಾಗಿಲುಗಳೆಲ್ಲ ಒಮ್ಮೆಲೇ ಮುಚ್ಚಿದಂತೆ.

ನಾವು ಗುರುಮಠದಲ್ಲಿ ಓದುತ್ತಿದ್ದ ಕಾಲದಲ್ಲಿ ಮೊಲೊಕಾಯಿ ದ್ವೀಪದ ಫಾದರ್ ಡೇಮಿಯನ್ನರ ಚರಿತ್ರೆಯನ್ನು ಭೋಜನಶಾಲೆಯಲ್ಲಿ ಓದಿಸುತ್ತಿದ್ದರು. ಅವರು ಬೆಲ್ಜಿಯಂ ದೇಶದವರು. ಹ್ಯಾನ್ಸೆನ್ ರೋಗಾಣುವನ್ನು ಕಂಡ 1873ರಲ್ಲಿಯೇ ಅವರು ಹವಾಯಿ ದ್ವೀಪಸ್ತೋಮದ ಆ ಕುಷ್ಠರೋಗಿಗಳ ನೆಲೆಗೆ ಹೋದರು. 1884ರಲ್ಲಿ ಒಂದು ದಿನ ಕುದಿಯುವ ನೀರಿನಲ್ಲಿ ಪಾದವಿಟ್ಟರೂ ಬಿಸಿ ತಾಗಲಿಲ್ಲವಂತೆ. ಚರ್ಮ ಸುಲಿದುದನ್ನು ಅವರಿಗೆ ತಿಳಿಸಿದ್ದು ನೋವಲ್ಲ, ಕಣ್ಣು. ಆಗಲೇ ತಮಗೂ ರೋಗ ತಗಲಿದೆಯೆಂದು ಅವರಿಗೆ ನಿಶ್ಚಯವಾಯಿತು. 1889ರಲ್ಲಿ ಅವರು ಅದೇ ರೋಗದಿಂದ ತೀರಿಕೊಂಡರು. 2009ರಲ್ಲಿ ಹದಿನಾರನೆಯ ಬೆನೆಡಿಕ್ಟ್ ಜಗದ್ಗುರುಗಳು ಅವರನ್ನು ಸಂತರೆಂದು ಘೋಷಿಸಿದರು. ಆ ಕಥೆಯಲ್ಲಿ ನಮ್ಮ ಇಂದಿನ ವಿಷಯಕ್ಕೆ ಬೇಕಾದ ಪಾಠವಿದೆ. ಆ ಪಾದವನ್ನು ನೋಡುವ ಕಣ್ಣೂ ಇಲ್ಲದಿದ್ದರೆ ಮನುಷ್ಯನ ಗತಿಯೇನು?

ನಮ್ಮ ಕರ್ನಾಟಕದಲ್ಲಿಯೂ ಈ ಸೇವೆಯ ಪರಂಪರೆ ಹಳೆಯದು. ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಔಷಧಿ ಕೊಡಲಾರಂಭಿಸಿದ ಜೆಸ್ವಿಟ್ ಗುರು ಫಾದರ್ ಅಗಸ್ಟಸ್ ಮುಲ್ಲರರು 1890ರಲ್ಲಿ ಕುಷ್ಠರೋಗಿಗಳಿಗಾಗಿ ಆಶ್ರಯವನ್ನು ತೆರೆದರು. ಕೊಡಲು ಸರಿಯಾದ ಔಷಧಿಯೇ ಇಲ್ಲದ ಆ ಕಾಲದಲ್ಲಿ ಅವರು ಕೊಟ್ಟದ್ದು ಆಸರೆ. ತಮಿಳುನಾಡಿನ ವೆಲ್ಲೂರಿನಲ್ಲಿ ಡಾ. ಪಾಲ್ ಬ್ರ್ಯಾಂಡ್ ಎಂಬ ಪ್ರಾಟೆಸ್ಟೆಂಟ್ ಮಿಷನರಿ ವೈದ್ಯರು 1940ರ ದಶಕದ ಕೊನೆಯಲ್ಲಿ ಮಡಚಿದ ಬೆರಳುಗಳನ್ನು ಶಸ್ತ್ರಕ್ರಿಯೆಯಿಂದ ಬಿಡಿಸಿ ತೋರಿಸಿದರು. ಅವರ ಪತ್ನಿ ಡಾ. ಮಾರ್ಗರೆಟ್ ಬ್ರ್ಯಾಂಡ್ ಕಣ್ಣಿನ ವಿಭಾಗಕ್ಕೆ ಸೇರಿ, ಕುಷ್ಠರೋಗಿಗಳ ಕಣ್ಣಿನ ಆರೈಕೆಯನ್ನೇ ತಮ್ಮ ಜೀವನದ ಕಾರ್ಯವನ್ನಾಗಿ ಮಾಡಿಕೊಂಡರು. ಮುಚ್ಚದ ರೆಪ್ಪೆಗೆ ಅಗಿಯುವ ಸ್ನಾಯುವಿನ ಒಂದು ಎಳೆಯನ್ನು ಜೋಡಿಸುವ ಶಸ್ತ್ರಕ್ರಿಯೆಯೊಂದುಂಟು. ಅದಾದ ಮೇಲೆ ರೋಗಿ ಬಾಯಲ್ಲಿ ಏನನ್ನಾದರೂ ಅಗಿದಾಗಲೆಲ್ಲ ರೆಪ್ಪೆ ಮುಚ್ಚುತ್ತದೆ. ಎವೆಯಿಕ್ಕುವುದು ಎಂಬ ಅಷ್ಟು ಸಣ್ಣ ಕೆಲಸಕ್ಕೆ ಮನುಷ್ಯ ಎಷ್ಟು ಶ್ರಮ ಪಡಬೇಕಾಯಿತು, ನೋಡಿರಿ.

ಆದರೂ ಪೊರೆಯ ಶಸ್ತ್ರಕ್ರಿಯೆಗೆ ವೈದ್ಯರು ಬಹುಕಾಲ ಹಿಂಜರಿದರು. ಆ ಅಂಜಿಕೆ ನಿಷ್ಕಾರಣವಾದುದಲ್ಲ. ಮೊದಲೇ ಉರಿಯೂತಕ್ಕೆ ಗುರಿಯಾದ ಕಣ್ಣನ್ನು ಕತ್ತರಿಸಿದರೆ ಉರಿಯೂತ ಕೆರಳಬಹುದು. ಪಾಪೆ ಚಿಕ್ಕದಾಗಿದ್ದರೆ ಪೊರೆಯನ್ನು ಹೊರತೆಗೆಯುವುದು ಕಷ್ಟ. ರೆಪ್ಪೆ ಮುಚ್ಚದ ಕಣ್ಣಿನ ಗಾಯಕ್ಕೆ ಕೀವು ಸೇರಬಹುದು. ಶಸ್ತ್ರಕ್ರಿಯೆ ಯಶಸ್ವಿಯಾದರೂ ಮತ್ತೊಂದು ತೊಡಕಿತ್ತು. ಹಿಂದೆ ಪೊರೆಯೊಡನೆ ಇಡೀ ಮಸೂರವನ್ನೇ ತೆಗೆದು, ದಪ್ಪ ಗಾಜಿನ ಕನ್ನಡಕ ಕೊಡುತ್ತಿದ್ದರು. ರೋಗದಿಂದ ಮೂಗಿನ ಕಂಬ ಕುಸಿದವನ ಮುಖದ ಮೇಲೆ ಆ ಭಾರದ ಕನ್ನಡಕ ನಿಲ್ಲುವುದೆಲ್ಲಿ? ಬೆರಳು ಮಡಚಿಕೊಂಡವನು ಅದನ್ನು ತೆಗೆದು, ಒರೆಸಿ, ಮತ್ತೆ ಹಾಕಿಕೊಳ್ಳುವುದು ಹೇಗೆ? ಹೀಗೆ ದೃಷ್ಟಿ ಮರಳಿದರೂ ಅದು ಕನ್ನಡಕದೊಡನೆ ಜಾರಿ ಬೀಳುತ್ತಿತ್ತು.

ಈ ತೊಡಕನ್ನು ಬಿಡಿಸಿದ್ದು ಕಣ್ಣಿನೊಳಗೆ ಕೂರಿಸುವ ಕೃತಕ ಮಸೂರ. 1949ರಲ್ಲಿ ಲಂಡನ್ನಿನ ಡಾ. ಹೆರಾಲ್ಡ್ ರಿಡ್ಲಿ ಎಂಬ ವೈದ್ಯರು ಮೊದಲ ಬಾರಿಗೆ ಇಂಥ ಮಸೂರವನ್ನು ಮನುಷ್ಯನ ಕಣ್ಣಿನಲ್ಲಿ ಇರಿಸಿದರು. ಯುದ್ಧಕಾಲದಲ್ಲಿ ವಿಮಾನದ ಗವಾಕ್ಷಿಯ ಪ್ಲಾಸ್ಟಿಕ್ ಚೂರುಗಳು ಕಣ್ಣಿಗೆ ಹೊಕ್ಕ ಚಾಲಕರಲ್ಲಿ ಆ ಚೂರುಗಳು ಕಣ್ಣನ್ನು ಕೆರಳಿಸದೆ ಸುಮ್ಮನಿದ್ದುದನ್ನು ಗಮನಿಸಿ ಅವರಿಗೆ ಈ ಉಪಾಯ ಹೊಳೆಯಿತು. 1992ರಲ್ಲಿ ಮದುರೈಯ ಅರವಿಂದ ಕಣ್ಣಾಸ್ಪತ್ರೆಯವರು ಸ್ಥಾಪಿಸಿದ ಕಾರ್ಖಾನೆಯಲ್ಲಿ ಅಗ್ಗದ ಬೆಲೆಯ ಮಸೂರಗಳು ತಯಾರಾದ ಮೇಲೆ ಅದು ನಮ್ಮ ದೇಶದ ಬಡವನಿಗೂ ಎಟುಕಿತು. ಆದರೆ ಕುಷ್ಠರೋಗವಿದ್ದ ಕಣ್ಣಿನಲ್ಲಿ ಪರವಸ್ತುವನ್ನು ಇಡಬಹುದೇ ಎಂಬ ಶಂಕೆ ಆಗಲೂ ಉಳಿದಿತ್ತು. ಭಾರತದಲ್ಲಿಯೂ ನೇಪಾಳದಲ್ಲಿಯೂ ಎಚ್ಚರಿಕೆಯಿಂದ ಮಾಡಿ ನೋಡಿದ ವೈದ್ಯರಿಗೆ, ಕಣ್ಣು ಶಾಂತವಾಗಿದ್ದರೆ ಇವರಲ್ಲಿಯೂ ಫಲ ಚೆನ್ನಾಗಿಯೇ ಇರುತ್ತದೆ ಎಂಬುದು ಮನವರಿಕೆಯಾಯಿತು. ಇಂದು ಕುಷ್ಠರೋಗವಿತ್ತೆಂಬ ಒಂದೇ ಕಾರಣಕ್ಕೆ ಯಾರಿಗೂ ಪೊರೆಯ ಶಸ್ತ್ರಕ್ರಿಯೆಯನ್ನಾಗಲಿ ಮಸೂರವನ್ನಾಗಲಿ ನಿರಾಕರಿಸಬೇಕಾಗಿಲ್ಲ.

ಹಾಗೆಂದು ಉಳಿದವರಂತೆ ಒಂದೇ ದಿನದಲ್ಲಿ ಕರೆದೊಯ್ದು ಮುಗಿಸುವ ಕೆಲಸವೂ ಇದಲ್ಲ. ರೋಗಿ ಔಷಧಿಯನ್ನು ಪೂರ್ತಿ ತೆಗೆದುಕೊಂಡಿದ್ದಾನೆಯೇ, ರೆಪ್ಪೆ ಸರಿಯಾಗಿ ಮುಚ್ಚುತ್ತದೆಯೇ, ಕಣ್ಣೀರಿನ ಚೀಲದಲ್ಲಿ ಕೀವಿದೆಯೇ, ಕಣ್ಣಿನ ಮೇಲ್ಪದರಕ್ಕೆ ಸ್ಪರ್ಶಜ್ಞಾನವಿದೆಯೇ ಎಂಬುದನ್ನು ವೈದ್ಯರು ಮೊದಲು ನೋಡಬೇಕು. ರೆಪ್ಪೆ ಮುಚ್ಚದಿದ್ದರೆ ಮೊದಲು ಅದಕ್ಕೆ ಶಸ್ತ್ರಕ್ರಿಯೆ, ಅನಂತರ ಪೊರೆಗೆ. ಒಳಗೆ ಉರಿಯೂತವಿದ್ದರೆ ಅದನ್ನು ಅಡಗಿಸಿ, ಕನಿಷ್ಠ ಮೂರು ತಿಂಗಳಾದರೂ ಕಣ್ಣು ಶಾಂತವಾಗಿರುವುದನ್ನು ಕಂಡು ಮುಂದುವರಿಯುವುದು ವೈದ್ಯರ ರೂಢಿ. ಆದುದರಿಂದ ಇವರಿಗೆ ಒಂದು ಸಲ ಅಲ್ಲ, ಎರಡು ಮೂರು ಸಲ ಆಸ್ಪತ್ರೆಗೆ ಹೋಗಿಬರಬೇಕಾಗುತ್ತದೆ. ಒಂದು ಸಲ ಕರೆದುಕೊಂಡು ಹೋಗಿ ಕೈತೊಳೆದುಕೊಳ್ಳುವವರು ಇವರಿಗೆ ಉಪಕಾರ ಮಾಡಲಾರರು.

ಇಲ್ಲಿ ನಾವು ಕಣ್ಣಾರೆ ಕಂಡ ಒಂದು ಸಂಗತಿಯನ್ನು ಹೇಳಬೇಕಾಗಿದೆ. ಯಾವ ಊರು, ಯಾರ ಶಿಬಿರ ಎಂಬುದು ಬೇಡ. ಕೃಷ್ಣಾ ತೀರದ ಹಳ್ಳಿಯ ಒಬ್ಬ ಮುದುಕ ಮೊಮ್ಮಗನ ಹೆಗಲು ಹಿಡಿದು ತಪಾಸಣೆಗೆ ಬಂದಿದ್ದ. ಅವನ ಕೈಗಳನ್ನು ಕಂಡೊಡನೆ ಸಾಲಿನಲ್ಲಿದ್ದವರು ಸರಿದು ನಿಂತರು. ವ್ಯವಸ್ಥೆ ನೋಡುತ್ತಿದ್ದವರೊಬ್ಬರು, ಎಲ್ಲರದೂ ಮುಗಿಯಲಿ, ಅಲ್ಲಿಯ ತನಕ ಬೇವಿನ ಮರದ ಕೆಳಗೆ ಕೂಡು ಎಂದರು. ಸಂಜೆಯ ಹೊತ್ತಿಗೆ ಪಟ್ಟಿ ಭರ್ತಿಯಾಯಿತೆಂಬ ಉತ್ತರ ಬಂತು. ವೈದ್ಯರು ಬೇಡವೆನ್ನಲಿಲ್ಲ, ವೈದ್ಯರ ತನಕ ಅವನನ್ನು ಬಿಡಲೇ ಇಲ್ಲ. ಎರಡು ವರ್ಷಗಳ ಮೇಲೆ ಬೇರೆಡೆಯ ಆಸ್ಪತ್ರೆಯೊಂದರಲ್ಲಿ ಅವನಿಗೆ ಶಸ್ತ್ರಕ್ರಿಯೆಯಾಯಿತು. ಪಟ್ಟಿ ಬಿಚ್ಚುವ ದಿನ ನಾವು ಅಲ್ಲಿದ್ದೆವು. ಅವನು ವೈದ್ಯರ ಮುಖವನ್ನಾಗಲಿ ಮೊಮ್ಮಗನ ಮುಖವನ್ನಾಗಲಿ ಮೊದಲು ನೋಡಲಿಲ್ಲ. ಬಗ್ಗಿ ತನ್ನ ಪಾದ ನೋಡಿದ. ಎಡಗಾಲಿನ ಅಡಿಯಲ್ಲಿ ಹೆಬ್ಬೆರಳಿನಷ್ಟು ಅಗಲದ ಹಳೆಯ ಹುಣ್ಣೊಂದಿತ್ತು. "ಸ್ವಾಮ್ಯಾರ, ಇದು ಯಾವಾಗ ಆಗೇದೋ ನನಗ ಗೊತ್ತ ಇಲ್ರಿ" ಎಂದ. ಆ ಎರಡು ವರ್ಷಗಳ ಬೆಲೆ ಆ ಪಾದದ ಮೇಲೆ ಬರೆದಿತ್ತು.

ನಾವು ಯಾರನ್ನೂ ದೂರಲು ಇದನ್ನು ಹೇಳಲಿಲ್ಲ. ಬೇವಿನ ಮರದ ಕೆಳಗೆ ಕೂಡಿಸಿದವರು ದುಷ್ಟರಲ್ಲ, ನಮ್ಮ ನಿಮ್ಮಂಥವರೇ. ಅವರಿಗೆ ವಿಷಯ ತಿಳಿದಿರಲಿಲ್ಲ. ನಿಮಗೆ ಈಗ ತಿಳಿದಿದೆ. ತಿಳಿದ ಮೇಲೆ ಮಾಡಬೇಕಾದುದೇನೆಂಬುದನ್ನು ಬಿಡಿಸಿ ಹೇಳುತ್ತೇವೆ.

ಮೊದಲನೆಯದಾಗಿ, ಅವರನ್ನು ಹುಡುಕಬೇಕು. ಅವರು ತಾವಾಗಿ ಬರುವುದಿಲ್ಲ, ಏಕೆಂದರೆ ಒಮ್ಮೆ ಬಂದು ಹಿಂದಿರುಗಿದವರು. ನಿಮ್ಮ ಊರಿನ ಆಶಾ ಕಾರ್ಯಕರ್ತೆಯರನ್ನೂ ಪ್ರಾಥಮಿಕ ಆರೋಗ್ಯ ಕೇಂದ್ರದವರನ್ನೂ ವಿಚಾರಿಸಿರಿ. ಗುಟ್ಟಾಗಿ, ಮರ್ಯಾದೆಯಿಂದ ವಿಚಾರಿಸಿರಿ. ಬೀದಿಯಲ್ಲಿ ನಿಂತು ಅವರ ರೋಗದ ಹೆಸರು ಹೇಳಿ ಕೂಗಬೇಡಿರಿ. ಯಾರನ್ನೂ ಕುಷ್ಠಿ ಎಂದು ಕರೆಯಬೇಡಿರಿ. ಅವರು ಅಜ್ಜ, ಅಜ್ಜಿ, ಕಾಕಾ, ಅವ್ವ. ಅವರಿಗೆ ಅವರದೇ ಹೆಸರುಗಳಿವೆ.

ಎರಡನೆಯದಾಗಿ, ಎಲ್ಲರ ವಾಹನದಲ್ಲಿಯೇ ಅವರನ್ನು ಕೂಡಿಸಿರಿ, ಎಲ್ಲರ ಸಾಲಿನಲ್ಲಿಯೇ ನಿಲ್ಲಿಸಿರಿ. ಯಾರಾದರೂ ಸರಿದು ನಿಂತರೆ, ವಾದಕ್ಕೆ ಇಳಿಯದೆ, ನೀವೇ ಅವರ ಪಕ್ಕದಲ್ಲಿ ನಿಂತುಕೊಳ್ಳಿರಿ. ಕಾನೂನು ಸಹ ಈಗ ಅವರ ಕಡೆಗಿದೆ. ಬಡ ಕುಷ್ಠರೋಗಿಗಳನ್ನು ಹಿಡಿದು ಪ್ರತ್ಯೇಕವಾಗಿಡಲು ಅವಕಾಶ ಕೊಟ್ಟಿದ್ದ 1898ರ ಕಾಯಿದೆ 2016ರಲ್ಲಿ ರದ್ದಾಯಿತು. ಈ ರೋಗವನ್ನು ಕಾರಣವಾಗಿಟ್ಟುಕೊಂಡು ವಿಚ್ಛೇದನ ಕೇಳುವ ಅವಕಾಶ ಕ್ರೈಸ್ತರಿಗೆ ಅನ್ವಯಿಸುವ 1869ರ ಕಾಯಿದೆಯೂ ಸೇರಿ ಹಲವು ಕಾಯಿದೆಗಳಲ್ಲಿತ್ತು. 2019ರಲ್ಲಿ ಅದನ್ನೂ ತೆಗೆದುಹಾಕಲಾಯಿತು. ಬರೆದ ಕಾನೂನು ಬದಲಾಯಿತು. ಬರೆಯದ ಕಾನೂನು ನಮ್ಮ ನಿಮ್ಮ ಮನಸ್ಸಿನಲ್ಲಿದೆ. ಅದನ್ನು ರದ್ದು ಮಾಡುವ ಅಧಿಕಾರ ನಮಗೇ ಇದೆ.

ಮೂರನೆಯದಾಗಿ, ಅವರ ಹಳೆಯ ರೋಗದ ವಿಷಯವನ್ನು ವೈದ್ಯರಿಂದ ಮುಚ್ಚಿಡಬೇಡಿರಿ. ಹೇಳಿದರೆ ಹಿಂದಕ್ಕೆ ಕಳಿಸುವರೆಂಬ ಭಯದಿಂದ ಕೆಲವರು ಸುಮ್ಮನಿರುತ್ತಾರೆ. ತಿಳಿಯದೆ ಮಾಡಿದ ಶಸ್ತ್ರಕ್ರಿಯೆ ಕಣ್ಣಿಗೆ ಅಪಾಯ. ಜೊತೆಗೆ ಹೋದ ನೀವು ಧೈರ್ಯವಾಗಿ ಹೇಳಿರಿ, ಯಾವ ಔಷಧಿಯನ್ನು ಎಷ್ಟು ಕಾಲ ತೆಗೆದುಕೊಂಡರೆಂಬುದನ್ನೂ ತಿಳಿಸಿರಿ.

ನಾಲ್ಕನೆಯದೇ ಎಲ್ಲಕ್ಕಿಂತ ಮುಖ್ಯವಾದುದು. ಶಸ್ತ್ರಕ್ರಿಯೆಗೆ ಹಿಡಿಯುವ ಕಾಲ ಅರ್ಧ ಗಂಟೆಗೂ ಕಡಿಮೆ. ಅನಂತರ ಸುಮಾರು ಆರು ವಾರ ಕಣ್ಣಿಗೆ ಔಷಧಿಯ ಹನಿ ಹಾಕಬೇಕು. ಮೊದಮೊದಲು ದಿನಕ್ಕೆ ಹಲವು ಸಲ, ಆಮೇಲೆ ಕ್ರಮೇಣ ಕಡಿಮೆ. ಉರಿಯೂತ ಕೆರಳದಂತೆ ತಡೆಯುವುದು ಈ ಹನಿಗಳೇ. ಆ ಚಿಕ್ಕ ಬಾಟಲಿಯನ್ನು ಒತ್ತಿ, ಒಂದೇ ಹನಿಯನ್ನು ಕಣ್ಣಿನೊಳಗೆ ಬೀಳಿಸುವುದು ನಮಗೇ ಕಷ್ಟ. ಬೆರಳು ಮಡಚಿಕೊಂಡವನಿಗೆ ಅದು ಅಸಾಧ್ಯ. ಮತ್ತೊಂದು ವಿಷಯ: ಕಣ್ಣಿಗೆ ಸ್ಪರ್ಶಜ್ಞಾನವಿಲ್ಲದವನಿಗೆ ಕೀವು ಸೇರಿದರೂ ನೋವಾಗದು. ನೋವಿಲ್ಲ ಎಂದರೆ ಎಲ್ಲ ಸರಿಯಾಗಿದೆ ಎಂದು ಅವನ ವಿಷಯದಲ್ಲಿ ತಿಳಿಯಬಾರದು. ಪ್ರತಿದಿನ ಬೇರೊಬ್ಬರು ಆ ಕಣ್ಣನ್ನು ನೋಡಬೇಕು. ಕೆಂಪಾಗಿದ್ದರೆ, ಕೀವು ಕಂಡರೆ, ನಿನ್ನೆಗಿಂತ ಇಂದು ಮಬ್ಬಾಗಿದೆ ಎಂದರೆ, ಅದೇ ದಿನ ಆಸ್ಪತ್ರೆಗೆ ಒಯ್ಯಬೇಕು. ಹನಿ ಹಾಕುವಾಗಲೇ ಅಂಗಾಲನ್ನೂ ಅಂಗೈಯನ್ನೂ ಒಮ್ಮೆ ನೋಡಿದರೆ ಇನ್ನೂ ಒಳ್ಳೆಯದು.

ಈ ಆರು ವಾರಗಳ ಕೆಲಸವನ್ನು ವೈದ್ಯರು ಮಾಡಲಾರರು. ಸರಕಾರವೂ ಮಾಡಲಾರದು. ಪಕ್ಕದ ಮನೆಯವರು ಮಾಡಬಲ್ಲರು. ಆದುದರಿಂದ ಶಿಬಿರದಿಂದ ಶಸ್ತ್ರಕ್ರಿಯೆಗೆ ಹೋಗುವ ಇಂಥ ಪ್ರತಿಯೊಬ್ಬರಿಗೂ, ಅವರು ಯಾವ ಮತದವರೇ ಆಗಿರಲಿ, ಯುವಕ ಸಂಘದಿಂದ ಒಬ್ಬರು, ಮಹಿಳಾ ಸಂಘದಿಂದ ಒಬ್ಬರು ಹೀಗೆ ಇಬ್ಬರನ್ನು ಗೊತ್ತುಮಾಡಬೇಕೆಂಬುದು ನಮ್ಮ ಕೋರಿಕೆ. ಬೆಳಿಗ್ಗೆ ಒಬ್ಬರು, ಸಂಜೆ ಒಬ್ಬರು. ನಡುವಿನ ಹನಿಗೆ ಮನೆಯವರಿಗೋ ನೆರೆಯವರಿಗೋ ಕಲಿಸಿಕೊಡಿರಿ. ಕೈ ತೊಳೆದು, ಕೆಳ ರೆಪ್ಪೆಯನ್ನು ಮೆಲ್ಲನೆ ಜಗ್ಗಿ, ಒಂದು ಹನಿ ಬಿಡುವುದು. ಎರಡು ನಿಮಿಷದ ಕೆಲಸ. ಆದರೆ ಆ ಎರಡು ನಿಮಿಷ ನೀವು ಅವರ ಮುಖವನ್ನು ಮುಟ್ಟಬೇಕಾಗುತ್ತದೆ. ಎಷ್ಟೋ ವರ್ಷಗಳಿಂದ ಯಾರೂ ಮುಟ್ಟದ ಮುಖವಾಗಿರಬಹುದು ಅದು.

ಪ್ರಿಯ ಬಂಧುಗಳೇ, ಮಾರ್ಕನ ಶುಭಸಂದೇಶದ ಮೊದಲನೆಯ ಅಧ್ಯಾಯದಲ್ಲಿ ಕುಷ್ಠರೋಗಿಯೊಬ್ಬ ಪ್ರಭುವಿನ ಮುಂದೆ ಮೊಣಕಾಲೂರುತ್ತಾನೆ. ಒಂದು ಮಾತಿನಿಂದಲೇ ಗುಣಪಡಿಸಬಲ್ಲ ಪ್ರಭು ಮೊದಲು ಕೈಚಾಚಿ ಅವನನ್ನು ಮುಟ್ಟುತ್ತಾರೆ, ಆಮೇಲೆ ಮಾತನಾಡುತ್ತಾರೆ. ಅದೇ ಶುಭಸಂದೇಶದ ಎಂಟನೆಯ ಅಧ್ಯಾಯದಲ್ಲಿ ಬೆತ್ಸಾಯಿದದ ಕುರುಡನ ಕಥೆ ಬರುತ್ತದೆ. ಒಮ್ಮೆ ಮುಟ್ಟಿದಾಗ ಅವನಿಗೆ ಮನುಷ್ಯರು ನಡೆದಾಡುವ ಮರಗಳಂತೆ ಮಬ್ಬಾಗಿ ಕಂಡರು. ಪ್ರಭು ಅಷ್ಟಕ್ಕೇ ಬಿಟ್ಟು ಹೋಗಲಿಲ್ಲ. 'ಏನಾದರೂ ಕಾಣುತ್ತಿದೆಯೇ' ಎಂದು ವಿಚಾರಿಸಿ, ಎರಡನೆಯ ಸಲ ಕೈಯಿಟ್ಟರು. ಆಗ ಎಲ್ಲವೂ ಸ್ಪಷ್ಟವಾಯಿತು. ಮೊದಲನೆಯ ಸ್ಪರ್ಶವನ್ನು ವೈದ್ಯರು ಮಾಡಲಿ. ಎರಡನೆಯ ಸ್ಪರ್ಶ ನಮ್ಮ ಪಾಲಿಗೆ ಬಂದಿದೆ.

ನಮ್ಮ ಧರ್ಮಕೇಂದ್ರದ ಮುಂದಿನ ನೂರು ವರ್ಷಗಳು ಹೇಗಿರುವುವೆಂದು ನಾವಾರೂ ಬಲ್ಲವರಲ್ಲ. ಮುಂದಿನ ಆರು ವಾರಗಳು ಹೇಗಿರಬೇಕೆಂಬುದು ಮಾತ್ರ ನಮ್ಮ ಕೈಯಲ್ಲಿದೆ. ಸಭೆ ಮುಗಿದ ಮೇಲೆ ದೇವಾಲಯದ ಹಿಂಬದಿಯ ಮೇಜಿನ ಮೇಲೆ ಒಂದು ಪುಸ್ತಕವಿಟ್ಟಿದ್ದೇವೆ. ಹನಿ ಹಾಕಲು ಒಪ್ಪುವವರು ತಮ್ಮ ಹೆಸರನ್ನೂ ಊರನ್ನೂ ಅದರಲ್ಲಿ ಬರೆಯಿರಿ. ಬೆಳಿಗ್ಗೆ ಹೋಗಬಲ್ಲಿರೋ ಸಂಜೆಯೋ ಎಂಬುದನ್ನೂ ಕಾಣಿಸಿರಿ.

ದೇವರು ನಿಮ್ಮ ಕೈಗಳನ್ನು ಆಶೀರ್ವದಿಸಲಿ.